ತೆಳುತಂತಿಯ ಬೆಳಕು, ಉಪ್ಪುಗಾಳಿಯ ಊರು

ಮಂಗಳೂರಿನಿಂದ ಉತ್ತರಕ್ಕೆ ಕೂಳೂರು ಸೇತುವೆಯನ್ನು ದಾಟಿದೊಡನೆ ಸಿಗುವ ಪಣಂಬೂರು, 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡ ನವಮಂಗಳೂರು ಬಂದರಿನ ನೆಲೆ. ಬಂದರಿನ ಆಡಳಿತ ಕಚೇರಿಗಳು, ಗೋದಾಮುಗಳು, ರಸಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪನಿಯ ಕಬ್ಬಿಣದ ಉಂಡೆಗಳ ಸ್ಥಾವರ, ಪಕ್ಕದಲ್ಲೇ ಬೈಕಂಪಾಡಿಯ ಕೈಗಾರಿಕಾ ಪ್ರದೇಶ ಹೀಗೆ ಹಗಲು ರಾತ್ರಿಯ ಭೇದವಿಲ್ಲದೆ ದುಡಿಯುವ ಕಟ್ಟಡಗಳು ಇಲ್ಲಿ ಒತ್ತೊತ್ತಾಗಿವೆ. ಇಂಥ ಊರಿನಲ್ಲಿ ದೀಪವೆಂಬುದು ಅಲಂಕಾರದ ವಸ್ತುವಲ್ಲ, ಕ್ರೇನು ಮತ್ತು ಪಂಪಿನಂತೆಯೇ ಒಂದು ಉಪಕರಣ. ಆದ್ದರಿಂದ ಕಟ್ಟಡಗಳ ಬೆಳಕನ್ನು 230 ವೋಲ್ಟಿನ ದಪ್ಪ ತಂತಿಯಿಂದ ಬಿಡಿಸಿ, ಕಂಪ್ಯೂಟರ್ ಜಾಲದ ತೆಳುತಂತಿಗೆ ಜೋಡಿಸಿ, ತಂತಾನೆ ಹೊತ್ತಿ ಆರುವಂತೆ ಮಾಡುವ ಹೊಸ ವ್ಯವಸ್ಥೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ವಿಚಾರಿಸಿ ನೋಡುವುದಕ್ಕೆ ಪಣಂಬೂರಿಗಿಂತ ಕಠಿಣವಾದ ಒರೆಗಲ್ಲು ಕರಾವಳಿಯಲ್ಲಿ ಸಿಗಲಾರದು.

ಮೊದಲಿಗೆ ಎಲ್‌ಇಡಿಯ ಸ್ವಭಾವವನ್ನು ತಿಳಿಯಬೇಕು. ಅರೆವಾಹಕ ವಸ್ತುವಿನ ಎರಡು ಪದರಗಳು ಕೂಡುವಲ್ಲಿ ಎಲೆಕ್ಟ್ರಾನುಗಳು ಕೆಳಮಟ್ಟದ ಶಕ್ತಿಗೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕಾಗಿ ಹೊರಬರುವುದು ಇದರ ಮೂಲತತ್ತ್ವ. ಇಂದಿನ ಬಿಳಿ ದೀಪದ ಒಳಗಿರುವುದು ವಾಸ್ತವವಾಗಿ ನೀಲಿ ಬೆಳಕು ಬೀರುವ ಎಲ್‌ಇಡಿ. ಅದರ ಮೇಲೆ ಲೇಪಿಸಿದ ಹಳದಿ ಬಣ್ಣದ ರಾಸಾಯನಿಕವು ಆ ನೀಲಿಯ ಒಂದು ಪಾಲನ್ನು ಹೀರಿ ಹಳದಿಯಾಗಿ ಮರಳಿಸುವುದರಿಂದ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಾಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇಂಥ ಒಂದು ಕಣಕ್ಕೆ ಬೇಕಾದದ್ದು ಸುಮಾರು 3 ವೋಲ್ಟ್ ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ, ಅಂದರೆ ನೇರ ವಿದ್ಯುತ್ ಪ್ರವಾಹ. ವಿದ್ಯುತ್ ಕಂಪನಿಯಾದ ಮೆಸ್ಕಾಂನ ತಂತಿಯಲ್ಲಿ ಮನೆಗೆ ಬರುವುದಾದರೋ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ 230 ವೋಲ್ಟಿನ ಎಸಿ, ಅಂದರೆ ಪರ್ಯಾಯ ವಿದ್ಯುತ್ ಪ್ರವಾಹ.

ಈ ಎರಡನ್ನೂ ಹೊಂದಿಸುವ ಕೆಲಸವನ್ನು ಪ್ರತಿಯೊಂದು ಬಲ್ಬಿನ ಬುಡದಲ್ಲಿ ಅಡಗಿರುವ ‘ಡ್ರೈವರ್’ ಎಂಬ ಪುಟ್ಟ ಮಂಡಲವು ಮಾಡುತ್ತದೆ. 2015ರ ಜನವರಿ 5ರಂದು ಆರಂಭವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯು, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಜಾರಿಗೆ ಬಂದು, ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಹಂಚಿತು. ಸಗಟು ಖರೀದಿಯ ಬಲದಿಂದ ಒಂದು ಬಲ್ಬಿನ ಬೆಲೆ 2014ರಲ್ಲಿದ್ದ 310 ರೂಪಾಯಿಯಿಂದ ಎರಡೇ ವರ್ಷಗಳಲ್ಲಿ 38 ರೂಪಾಯಿಗೆ ಇಳಿಯಿತು. ವಿದ್ಯುತ್ ಉಳಿತಾಯದ ದೊಡ್ಡ ಪಾಲನ್ನು ಈ ಅಗ್ಗದ ಬಲ್ಬುಗಳೇ ಗಳಿಸಿಕೊಟ್ಟಿವೆ ಎಂಬುದನ್ನು ಮರೆಯುವಂತಿಲ್ಲ. ಆದರೆ ‘ಬಲ್ಬು ಹೋಯಿತು’ ಎಂದು ಎಸೆಯುವಾಗ ಅದರೊಳಗಿನ ಎಲ್‌ಇಡಿ ಕಣಗಳು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ, ಹಾಳಾಗಿರುವುದು ಅನೇಕ ವೇಳೆ ಡ್ರೈವರಿನಲ್ಲಿರುವ ಕೆಪಾಸಿಟರ್. ಅದರೊಳಗಿನ ದ್ರಾವಣವು ಬಿಸಿಗೆ ನಿಧಾನವಾಗಿ ಒಣಗಿಹೋಗುವುದೇ ಅದಕ್ಕೆ ಕಾರಣ. ಒಂದು ಕಚೇರಿಯಲ್ಲಿ ಐನೂರು ದೀಪಗಳಿದ್ದರೆ ಎಸಿಯನ್ನು ಡಿಸಿಯಾಗಿಸುವ ಐನೂರು ಪುಟ್ಟ ಯಂತ್ರಗಳು ಅಲ್ಲಿ ಚಾವಣಿಯ ಬಿಸಿಯಲ್ಲಿ ಕುಳಿತಿರುತ್ತವೆ, ಪ್ರತಿಯೊಂದೂ ತನ್ನ ಪಾಲಿಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟನ್ನು ಶಾಖವಾಗಿ ಕಳೆಯುತ್ತದೆ. ಬಂದರಿನಂತೆ ತನ್ನದೇ ಸೌರ ಸ್ಥಾವರ ಇರುವ ಕಡೆ ಈ ವಿಪರ್ಯಾಸ ಇನ್ನೂ ಹೆಚ್ಚು: ಫಲಕದಲ್ಲಿ ಹುಟ್ಟುವುದು ಡಿಸಿ, ಅದನ್ನು ಎಸಿಯಾಗಿಸಿ ತಂತಿಗೆ ಬಿಡಬೇಕು, ದೀಪದ ಬಳಿ ಮತ್ತೆ ಡಿಸಿಯಾಗಿಸಬೇಕು.

ಹಾಗಾದರೆ ಮೊದಲೇ ಡಿಸಿ ಜಾಲವನ್ನು ಏಕೆ ಕಟ್ಟಲಿಲ್ಲವೆಂಬ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವಿದೆ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ಆರಂಭಿಸಿದ ಕೇಂದ್ರವು ಸುಮಾರು 110 ವೋಲ್ಟಿನ ಡಿಸಿಯನ್ನೇ ಹಂಚಿತ್ತು, ಆದರೆ ಅದು ತಲುಪುತ್ತಿದ್ದುದು ಸುತ್ತಲಿನ ಕೆಲವು ಬೀದಿಗಳನ್ನು ಮಾತ್ರ. ಟ್ರಾನ್ಸ್‌ಫಾರ್ಮರಿನ ನೆರವಿನಿಂದ ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸಬಲ್ಲ ಎಸಿಗೆ ದೂರದ ಭಯವಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದದ್ದೂ, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದೂ ಎಸಿಯ ಈ ಗುಣದಿಂದಲೇ. ದೂರದ ಸಾಗಣೆಯಲ್ಲಿ ಎಸಿ ಗಳಿಸಿದ ಆ ಗೆಲುವು ಈಗಲೂ ಬಹುಮಟ್ಟಿಗೆ ಉಳಿದಿದೆ. ಈಗ ಎದ್ದಿರುವ ಪ್ರಶ್ನೆ ಕಟ್ಟಡದ ಒಳಗಿನ ಕೊನೆಯ ಹತ್ತಾರು ಮೀಟರುಗಳದ್ದು.

ಕಡಿಮೆ ವೋಲ್ಟೇಜಿಗೆ ತೆರಬೇಕಾದ ಬೆಲೆ ಏನೆಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. 40 ವ್ಯಾಟಿನ ದೀಪದ ಫಿಟ್ಟಿಂಗಿಗೆ 230 ವೋಲ್ಟಿನಲ್ಲಿ 0.17 ಆಂಪಿಯರ್ ಸಾಕು. 48 ವೋಲ್ಟಿನಲ್ಲಿ ಸುಮಾರು 0.83 ಆಂಪಿಯರ್ ಬೇಕು. ತಂತಿಯಲ್ಲಾಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದೇ ತಂತಿಯಲ್ಲಿ ಅದೇ ಶಕ್ತಿಯನ್ನು ಒಯ್ಯುವಾಗ ನಷ್ಟ ಸುಮಾರು 23 ಪಟ್ಟಾಗುತ್ತದೆ. 12 ವೋಲ್ಟಿಗೆ ಇಳಿದರೆ ಈ ಗುಣಕ 360ನ್ನು ಮೀರುತ್ತದೆ. ಹಳೆಯ ಬಲ್ಬು, ಟ್ಯೂಬ್‌ಲೈಟುಗಳ ಕಾಲದಲ್ಲಿ ಈ ಲೆಕ್ಕವೇ ಮಾತನ್ನು ಮುಗಿಸಿಬಿಡುತ್ತಿತ್ತು. ಎಲ್‌ಇಡಿ ಬಂದು ದೀಪದ ಹಸಿವೇ ತಗ್ಗಿದ್ದರಿಂದ, ಚಿಕ್ಕ ದೂರಕ್ಕೆ ಚಿಕ್ಕ ವೋಲ್ಟೇಜು ಮತ್ತೆ ಸಾಧ್ಯವಾಯಿತು.

ಕರ್ನಾಟಕದ ಮಟ್ಟಿಗೆ ಇದು ತೀರಾ ಹೊಸ ಸಂಗತಿಯೂ ಅಲ್ಲ. ಹರೀಶ್ ಹಂದೆಯವರು 1995ರಲ್ಲಿ ಸಹ ಸ್ಥಾಪಕರಾಗಿ ಕಟ್ಟಿದ ಸೆಲ್ಕೋ ಸಂಸ್ಥೆಯು ತನ್ನ ಆರಂಭದ ವರ್ಷಗಳಲ್ಲಿ ದಕ್ಷಿಣ ಕನ್ನಡದ ಹಳ್ಳಿಮನೆಗಳಿಗೆ ಬ್ಯಾಂಕ್ ಸಾಲದ ನೆರವಿನೊಡನೆ ಒದಗಿಸಿದ ಸೌರ ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ಡಿಸಿಯಲ್ಲೇ ಉರಿಯುತ್ತಿದ್ದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಬಗೆಯ ಕೆಲಸಕ್ಕಾಗಿಯೇ. ಅಡಕೆ ತೋಟದ ನಡುವಿನ ನಾಲ್ಕು ದೀಪಗಳ ಮನೆಯಲ್ಲಿ ತಂತಿಯ ಉದ್ದ ಹೆಚ್ಚಿಲ್ಲದ ಕಾರಣ 12 ವೋಲ್ಟ್ ಸಾಕಾಗುತ್ತಿತ್ತು. ದೊಡ್ಡ ಮನೆಗೂ ಕಚೇರಿಗೂ ಅದು ಸಾಲದು. ಮದರಾಸಿನ ಐಐಟಿಯಲ್ಲಿ ಪ್ರೊಫೆಸರ್ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡವು ಸೌರಫಲಕ, ಬ್ಯಾಟರಿ, ದೀಪ, ಫ್ಯಾನುಗಳನ್ನೆಲ್ಲ 48 ವೋಲ್ಟಿನ ಒಂದೇ ಡಿಸಿ ಸಾಲಿಗೆ ಜೋಡಿಸುವ ವ್ಯವಸ್ಥೆಯನ್ನು ರೂಪಿಸಿ ರಾಜಸ್ಥಾನದ ವಿದ್ಯುತ್ ಮುಟ್ಟದ ಸಾವಿರಾರು ಮನೆಗಳಲ್ಲಿ ಅಳವಡಿಸಿತು; ಭಾರತೀಯ ಮಾನಕ ಬ್ಯೂರೋ 2017ರಲ್ಲಿ 48 ವೋಲ್ಟಿನ ಡಿಸಿ ವಿತರಣೆಗೆ ಐಎಸ್ 16711 ಎಂಬ ಮಾರ್ಗಸೂಚಿಯನ್ನೂ ಹೊರಡಿಸಿತು. 48 ಎಂಬ ಅಂಕಿ ಆಕಸ್ಮಿಕವಲ್ಲ. ದೂರವಾಣಿ ಕೇಂದ್ರಗಳು ದಶಕಗಳಿಂದ ಇದೇ ವೋಲ್ಟೇಜಿನ ಬ್ಯಾಟರಿ ಸಾಲಿನಲ್ಲಿ ನಡೆದಿವೆ, ಮಳೆಗಾಲದಲ್ಲಿ ಊರಿಗೆ ಊರೇ ಕರೆಂಟಿಲ್ಲದೆ ಕೂತಾಗಲೂ ಹಳೆಯ ಲ್ಯಾಂಡ್‌ಲೈನ್ ಫೋನು ಗಂಟೆ ಬಾರಿಸುತ್ತಿದ್ದುದರ ಗುಟ್ಟು ಅದೇ. ಒಣ ಚರ್ಮಕ್ಕೆ ಸಾಮಾನ್ಯವಾಗಿ ಮಾರಕ ಆಘಾತ ನೀಡದಷ್ಟು ಕಡಿಮೆ, ತಂತಿಯ ನಷ್ಟವನ್ನು ತಾಳಿಕೊಳ್ಳುವಷ್ಟು ಹೆಚ್ಚು ಎಂಬ ರಾಜಿಯೇ ಈ ಅಂಕಿ.

ಕಟ್ಟಡಗಳ ಜಾಲಬೆಳಕು ಹಿಡಿದಿರುವುದೂ ದೂರವಾಣಿಯ ಈ ದಾರಿಯನ್ನೇ. ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಕೇಬಲಿನಲ್ಲಿ ನಾಲ್ಕು ಜೊತೆ ಸಣ್ಣ ತಾಮ್ರದ ಎಳೆಗಳಿರುತ್ತವೆ. ಮಾಹಿತಿಯ ಜೊತೆಯಲ್ಲೇ ವಿದ್ಯುತ್ತನ್ನೂ ಅದೇ ಎಳೆಗಳಲ್ಲಿ ಕಳಿಸುವ ವಿಧಾನಕ್ಕೆ ಪವರ್ ಓವರ್ ಈಥರ್ನೆಟ್ ಎಂದು ಹೆಸರು. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 2003ರಲ್ಲಿ ಇದಕ್ಕೆ ಮೊದಲ ಮಾನಕವನ್ನು ರಚಿಸಿದಾಗ ಒಂದು ಕೇಬಲಿಗೆ ದೊರೆಯುತ್ತಿದ್ದುದು 15.4 ವ್ಯಾಟ್, 2009ರಲ್ಲಿ ಅದು 30ಕ್ಕೂ, 2018ರಲ್ಲಿ 90 ವ್ಯಾಟಿಗೂ ಏರಿತು. ಕೇಬಲಿನ ಗರಿಷ್ಠ ಉದ್ದ 100 ಮೀಟರ್. ಎಲ್ಲ ಕೇಬಲುಗಳೂ ಬಂದು ಸೇರುವ ಪೆಟ್ಟಿಗೆಯನ್ನು ಜಾಲದ ಸ್ವಿಚ್ ಎನ್ನುತ್ತಾರೆ, ಗೋಡೆಯ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಈ ಪೆಟ್ಟಿಗೆಯು ಕೇಬಲಿನ ಇನ್ನೊಂದು ತುದಿಯಲ್ಲಿರುವುದು ನಿಜವಾಗಿಯೂ ವಿದ್ಯುತ್ ಬೇಡುವ ಸಾಧನವೇ ಎಂಬುದನ್ನು ಬಹಳ ಸಣ್ಣ ವೋಲ್ಟೇಜಿನಿಂದ ಮೊದಲು ಪರೀಕ್ಷಿಸಿ, 25 ಕಿಲೋ ಓಮಿನ ಗುರುತುತಡೆ ಕಂಡುಬಂದರೆ ಮಾತ್ರ ಸುಮಾರು 50 ವೋಲ್ಟಿನ ಪೂರ್ಣ ವಿದ್ಯುತ್ತನ್ನು ಬಿಡುತ್ತದೆ.

ಮಾರಾಟಗಾರರ ಕರಪತ್ರಗಳಲ್ಲಿ ಎದ್ದು ಕಾಣದ ಒಂದು ಸಂಗತಿ ಅದೇ ಮಾನಕದೊಳಗಿದೆ. 90 ವ್ಯಾಟ್ ಕಳಿಸಿದರೆ 100 ಮೀಟರ್ ಆಚೆಯ ಸಾಧನಕ್ಕೆ ಖಾತ್ರಿಯಾಗಿ ದೊರೆಯುವುದು 71.3 ವ್ಯಾಟ್ ಮಾತ್ರ. ಉಳಿದದ್ದು ಕೇಬಲಿನಲ್ಲೇ ಬಿಸಿಯಾಗಿ ಹೋಗಬಹುದು. ಡ್ರೈವರುಗಳಲ್ಲಿ ಉಳಿಸಿದ್ದನ್ನೆಲ್ಲ ಹೀಗೆ ತಂತಿಯಲ್ಲಿ ಕಳೆದುಕೊಳ್ಳುವ ವಿನ್ಯಾಸವೂ ಸಾಧ್ಯವೆಂದಾಯಿತು. ಜೊತೆಗೆ ದೀಪ ಆರಿದ ಮೇಲೂ ಪ್ರತಿ ಫಿಟ್ಟಿಂಗಿನ ಪುಟ್ಟ ಕಂಪ್ಯೂಟರು ಆದೇಶಕ್ಕಾಗಿ ಎಚ್ಚರವಾಗಿದ್ದು ಅಷ್ಟಿಷ್ಟು ವಿದ್ಯುತ್ತನ್ನು ರಾತ್ರಿಯಿಡೀ ಹೀರುತ್ತದೆ. ಕೇಬಲುಗಳನ್ನು ಮೂವತ್ತು ನಲವತ್ತು ಮೀಟರಿನೊಳಗೆ ಇಟ್ಟು, ಪ್ರತಿ ಮಹಡಿಗೂ ಒಂದೆರಡು ಕಡೆ ಜಾಲದ ಸ್ವಿಚ್ಚುಗಳನ್ನು ಹಂಚಿ ಕೂರಿಸಿದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ಕೇವಲ ವ್ಯಾಟುಗಳ ಉಳಿತಾಯವನ್ನು ನಂಬಿ ಈ ವ್ಯವಸ್ಥೆಗೆ ಹಣ ಹೂಡುವವರು ನಿರಾಶರಾಗುವ ಸಂಭವವೇ ಹೆಚ್ಚು.

ಹಣಕ್ಕೆ ತಕ್ಕ ಪ್ರತಿಫಲ ಬರುವುದಿದ್ದರೆ ಅದು ನಿಯಂತ್ರಣದಿಂದ. ಜಾಲಕ್ಕೆ ಸೇರಿದ ಪ್ರತಿಯೊಂದು ದೀಪಕ್ಕೂ ತನ್ನದೇ ಆದ ವಿಳಾಸವಿರುತ್ತದೆ, ಮೈಶಾಖವನ್ನು ಗ್ರಹಿಸಿ ಕೋಣೆಯಲ್ಲಿ ಜನರಿದ್ದಾರೆಯೇ ಎಂದು ಅರಿಯುವ ಸಂವೇದಕವೂ, ಕಿಟಕಿಯಿಂದ ಬರುವ ಬೆಳಕೆಷ್ಟೆಂದು ಅಳೆಯುವ ಸಂವೇದಕವೂ ಅದರೊಡನೆ ಇರುತ್ತವೆ. 2015ರ ಸುಮಾರಿಗೆ ಬಳಕೆಗೆ ಬಂದ ಆಮ್‌ಸ್ಟರ್‌ಡ್ಯಾಮಿನ ‘ದಿ ಎಜ್’ ಎಂಬ ಕಚೇರಿ ಕಟ್ಟಡದಲ್ಲಿ ಫಿಲಿಪ್ಸ್ ಕಂಪನಿಯು ಸಾವಿರಾರು ದೀಪಗಳನ್ನು ಈಥರ್ನೆಟ್ ಜಾಲಕ್ಕೆ ಸೇರಿಸಿ, ಉದ್ಯೋಗಿಗಳು ತಮ್ಮ ಮೇಜಿನ ಮೇಲಿನ ಬೆಳಕನ್ನು ಫೋನಿನಿಂದಲೇ ಹೊಂದಿಸಿಕೊಳ್ಳುವಂತೆ ಮಾಡಿದ್ದು ಈ ಕ್ಷೇತ್ರದಲ್ಲಿ ಬಹಳ ಹೆಸರಾಯಿತು. ಆದರೆ ನಿಯಂತ್ರಣಕ್ಕೆ ಈಥರ್ನೆಟ್ಟೇ ಬೇಕೆಂದಿಲ್ಲ. ಐಇಸಿ 62386 ಮಾನಕವಾಗಿ ರೂಪುಗೊಂಡ ‘ಡಾಲಿ’ ವಿಧಾನದಲ್ಲಿ ಎರಡೇ ಎಳೆಗಳ ಒಂದು ಸಾಲು, ಸುಮಾರು 16 ವೋಲ್ಟಿನಲ್ಲಿ, 64 ಡ್ರೈವರುಗಳಿಗೆ ಆದೇಶಗಳನ್ನು ಮುಟ್ಟಿಸುತ್ತದೆ. ದೀಪ ಉರಿಯುವುದು ಮಾತ್ರ ಎಂದಿನ 230 ವೋಲ್ಟಿನಿಂದಲೇ. ವೋಲ್ಟೇಜು ಇಷ್ಟು ಕಡಿಮೆಯಿದ್ದರೂ ಡಾಲಿಯ ತಂತಿಯನ್ನು ಮುಟ್ಟಲು ನಿರಪಾಯವಾದ ತಂತಿಗಳ ವರ್ಗಕ್ಕೆ ಸೇರಿಸಿಲ್ಲ, ಏಕೆಂದರೆ ಡ್ರೈವರಿನೊಳಗೆ ಅದನ್ನು ಮುಖ್ಯ ವಿದ್ಯುತ್ತಿನಿಂದ ಬೇರ್ಪಡಿಸುವ ನಿರೋಧನ ಅಷ್ಟು ಬಲವಾದದ್ದಲ್ಲ.

ಹಗಲಿನ ಬೆಳಕಿಗೆ ತಕ್ಕಂತೆ ದೀಪವನ್ನು ಏರಿಸಿ ಇಳಿಸುವ ಕ್ರಮ ಪಣಂಬೂರಿನಲ್ಲಿ ವಿಶೇಷವಾಗಿ ಫಲ ಕೊಡಬಲ್ಲದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬೀಳುವುದರಿಂದ, ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ನಡುಹಗಲಲ್ಲೂ ಕೋಣೆ ಕತ್ತಲಾಗುತ್ತದೆ, ಗಾಳಿ ಮೋಡವನ್ನು ತಳ್ಳಿದ ಹತ್ತೇ ನಿಮಿಷದಲ್ಲಿ ಕಣ್ಣು ಕುಕ್ಕುವ ಬಿಸಿಲು ಬರುತ್ತದೆ. ಜನವರಿಯಿಂದ ಮೇವರೆಗೆ ಪಶ್ಚಿಮದ ಕಿಟಕಿಗಳಿಗೆ ಸಂಜೆಯ ಸೂರ್ಯ ಕಡಲ ಕಡೆಯಿಂದ ನೇರವಾಗಿ ಹೊಡೆಯುತ್ತಾನೆ. ಬೆಳಿಗ್ಗೆ ಹಾಕಿದ ದೀಪವನ್ನು ಮೋಡ ಸರಿದಾಗಲೆಲ್ಲ ಎದ್ದು ಹೋಗಿ ಆರಿಸುವ ನೌಕರರು ಯಾವ ಕಚೇರಿಯಲ್ಲೂ ಇಲ್ಲ. ಹೊರಗಿನ ದೀಪಗಳ ವಿಷಯ ಇನ್ನೂ ಸುಲಭ: ಈ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ, ಅದನ್ನು ದಿನದಿನಕ್ಕೆ ಲೆಕ್ಕಹಾಕಿ ಸೂರ್ಯೋದಯ ಸೂರ್ಯಾಸ್ತಗಳನ್ನು ಅನುಸರಿಸುವ ಟೈಮರ್ ಅಗ್ಗವಾಗಿಯೇ ಸಿಗುತ್ತದೆ, ಅದಕ್ಕೆ ಯಾವ ಜಾಲವೂ ಬೇಡ.

ಕಾನೂನೂ ಇದೇ ದಿಕ್ಕಿನಲ್ಲಿ ಸಾಗಿದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2007ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆಯು, 100 ಕಿಲೋವ್ಯಾಟ್ ಅಥವಾ ಅದಕ್ಕೂ ಮಿಕ್ಕ ವಿದ್ಯುತ್ ಹೊರೆಯಿರುವ ವಾಣಿಜ್ಯ ಕಟ್ಟಡಗಳಲ್ಲಿ ಒಳದೀಪಗಳ ಬಹುಪಾಲಿಗೆ ಸ್ವಯಂಚಾಲಿತ ನಿಯಂತ್ರಣ ಇರಬೇಕೆಂದೂ, ಜನರು ಹೊರಟ 15 ನಿಮಿಷಗಳೊಳಗೆ ಸಂವೇದಕವು ದೀಪವನ್ನು ಆರಿಸಬೇಕೆಂದೂ ಹೇಳುತ್ತದೆ.

ಇಷ್ಟೆಲ್ಲ ಆದ ಮೇಲೆ ಉಪ್ಪುಗಾಳಿಯ ಮಾತು ಬರುತ್ತದೆ. ಕಡಲಿನಿಂದ ಕೂಗಳತೆಯಲ್ಲಿರುವ ಕಟ್ಟಡಗಳಲ್ಲಿ ಗಾಳಿಯೊಡನೆ ಬರುವ ಉಪ್ಪಿನ ಕಣಗಳು ತೇವವನ್ನು ಹೀರಿ ಲೋಹದ ಮೇಲೆ ವಿದ್ಯುತ್ ಹರಿಯಬಲ್ಲ ತೆಳು ಪೊರೆಯನ್ನು ಕಟ್ಟುತ್ತವೆ. ದಪ್ಪ ಹಿತ್ತಾಳೆಯ ಸ್ಕ್ರೂಗಳಿಂದ ಬಿಗಿದ ಹಳೆಯ ಟರ್ಮಿನಲ್ ಇದನ್ನು ವರ್ಷಗಟ್ಟಲೆ ತಡೆದುಕೊಂಡೀತು. ಕೂದಲೆಳೆಗಿಂತಲೂ ತೆಳುವಾದ ಚಿನ್ನದ ಲೇಪ ಹೊತ್ತ ಈಥರ್ನೆಟ್ ಜ್ಯಾಕಿನ ಎಂಟು ಮುಳ್ಳುಗಳಿಗೆ ಆ ತಾಳ್ಮೆಯಿಲ್ಲ. ಡಿಸಿ ಒಂದೇ ದಿಕ್ಕಿನಲ್ಲಿ ಹರಿಯುವ ಕಾರಣ ತೇವದ ಸಮ್ಮುಖದಲ್ಲಿ ಧನಧ್ರುವದ ಲೋಹವು ವಿದ್ಯುದ್ವಿಭಜನೆಯಿಂದ ಸತತವಾಗಿ ಕರಗುತ್ತ ಹೋಗುವುದು ಇನ್ನೊಂದು ತೊಂದರೆ, ದಿಕ್ಕು ಬದಲಿಸುವ ಎಸಿಯಲ್ಲಿ ಇದು ಇಷ್ಟು ತೀವ್ರವಲ್ಲ. ವಿದ್ಯುತ್ ಹರಿಯುತ್ತಿರುವಾಗಲೇ ಜ್ಯಾಕನ್ನು ಎಳೆದರೆ ಹುಟ್ಟುವ ಕಿಡಿಯು ಚಿನ್ನದ ಲೇಪವನ್ನು ಸುಟ್ಟುಹಾಕಿ ತುಕ್ಕಿಗೆ ಬಾಗಿಲು ತೆರೆಯುತ್ತದೆ. ಹವಾನಿಯಂತ್ರಿತ ಕಚೇರಿಯೊಳಗೆ ಈ ಯಾವುದೂ ಹೆಚ್ಚು ಕಾಡದು. ಗೋದಾಮು, ವರಾಂಡ, ಕಿಟಕಿ ತೆರೆದಿಡುವ ಕೊಠಡಿಗಳಲ್ಲಿ ಮೊಹರು ಮಾಡಿದ ಪೆಟ್ಟಿಗೆ, ಜೆಲ್ ತುಂಬಿದ ಕೀಲು, ಲೇಪನ ಬಳಿದ ಮಂಡಲಗಳಿಲ್ಲದೆ ಜಾಲಬೆಳಕನ್ನು ಹಾಕುವುದು ವ್ಯರ್ಥ ಖರ್ಚು. ಇಲಿಗಳು ಕೇಬಲಿನ ಹೊದಿಕೆಯನ್ನು ಕಡಿಯುವುದೂ, ಬಿಸಿಯಾದ ಪೆಟ್ಟಿಗೆಗಳಲ್ಲಿ ಇರುವೆ ಗೂಡು ಕಟ್ಟುವುದೂ ಯಾವ ವಿದೇಶಿ ಕೈಪಿಡಿಯಲ್ಲೂ ದೊಡ್ಡ ಅಧ್ಯಾಯವಲ್ಲ, ಕರಾವಳಿಯಲ್ಲಿ ಅದೂ ಲೆಕ್ಕಕ್ಕೆ ಬರಬೇಕು. ಮುಂಗಾರಿನ ಮೊದಲು ಬರುವ ಸಿಡಿಲಿನ ಮಳೆಗಳಿಗಾಗಿ ಮತ್ತೊಂದು ನಿಯಮವನ್ನು ಪಾಲಿಸಬೇಕಾಗುತ್ತದೆ: ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಜಾಲತಂತಿಯನ್ನು ಎಳೆಯದೆ, ವಿದ್ಯುತ್ ಹರಿಯದ ಗಾಜಿನ ಎಳೆಯ ಕೇಬಲನ್ನು ಬಳಸಿದರೆ, ಒಂದೆಡೆ ಬಿದ್ದ ಸಿಡಿಲಿನ ಪೆಟ್ಟು ಎರಡೂ ಕಡೆಯ ಸಾಧನಗಳನ್ನು ಸುಡುವುದು ತಪ್ಪುತ್ತದೆ.

ಪಣಂಬೂರಿನ ಮಟ್ಟಿಗೆ ಅತ್ಯಂತ ಗಂಭೀರವಾದ ಎಚ್ಚರಿಕೆ ಬೇರೆಯೇ ಇದೆ. ಬಂದರಿನ ಮೂಲಕ ಕಚ್ಚಾತೈಲ, ಪೆಟ್ರೋಲಿಯಂ ಉತ್ಪನ್ನ, ಅಡುಗೆ ಅನಿಲಗಳು ಸಾಗುತ್ತವೆ, ರಸಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯವಿದೆ. ಕಡಿಮೆ ವೋಲ್ಟೇಜು ಎಂದಮೇಲೆ ಇಂಥಲ್ಲಿ ಅದು ತಾನಾಗಿಯೇ ನಿರಪಾಯ ಎಂದು ತಪ್ಪಾಗಿ ಭಾವಿಸುವವರಿದ್ದಾರೆ. 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಗೆನಿಡ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 439 ಗಣಿಕಾರ್ಮಿಕರು ಸತ್ತಾಗ, ತನಿಖೆಯಲ್ಲಿ ಅನುಮಾನಕ್ಕೆ ಒಳಗಾದ ಕಾರಣಗಳಲ್ಲಿ ಒಂದು ಬ್ಯಾಟರಿಯಿಂದ ನಡೆಯುತ್ತಿದ್ದ ಸಂಕೇತ ಗಂಟೆಯ ಕಿಡಿ. ಅಂಥ ಗಂಟೆಯ ಮಂಡಲದಲ್ಲಿ ಮನುಷ್ಯನಿಗೆ ಆಘಾತವನ್ನೇ ನೀಡದಷ್ಟು ಕಡಿಮೆ ವೋಲ್ಟೇಜಿದ್ದರೂ, ಸುರುಳಿಯಲ್ಲಿ ಸಂಗ್ರಹವಾದ ಶಕ್ತಿಯಿಂದ ಹುಟ್ಟುವ ಕಿಡಿಯು ಅನಿಲವನ್ನು ಹೊತ್ತಿಸಬಲ್ಲದೆಂಬುದು ಆ ಮುಂದಿನ ಪ್ರಯೋಗಗಳಿಂದ ಖಚಿತವಾಗಿ, ಕಿಡಿಯ ಶಕ್ತಿಯನ್ನೇ ಮಿತಿಗೊಳಿಸುವ ‘ಅಂತರ್ಗತ ಸುರಕ್ಷತೆ’ಯ ವಿನ್ಯಾಸಶಾಸ್ತ್ರ ಬೆಳೆಯಿತು. ಕಚೇರಿಗೆಂದು ತಯಾರಾದ 48 ವೋಲ್ಟಿನ ಜಾಲದೀಪಕ್ಕೆ ಈ ಶಾಸ್ತ್ರದ ಪ್ರಮಾಣಪತ್ರ ಇರುವುದಿಲ್ಲ. ಅನಿಲ ಸೋರುವ ಸಂಭವವಿರುವ ಜೆಟ್ಟಿ, ಪಂಪ್‌ಹೌಸುಗಳಲ್ಲಿ ಸ್ಫೋಟನಿರೋಧಕವೆಂದು ಪ್ರಮಾಣೀಕರಿಸಿದ ಫಿಟ್ಟಿಂಗನ್ನು, ಅದು 230 ವೋಲ್ಟಿನದಾದರೂ, ಬಳಸುವುದೇ ಸರಿ.

ಹಾಗಾದರೆ ಎಲ್ಲಿ? ಹೊಸದಾಗಿ ಕಟ್ಟುವ, ಹವಾನಿಯಂತ್ರಣವಿರುವ, ಕಂಪ್ಯೂಟರ್ ಜಾಲ ಹೇಗೂ ಬೇಕಾಗುವ ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ, ಸೌರ ವಿದ್ಯುತ್ತೂ ಬ್ಯಾಟರಿಯೂ ಇದ್ದರೆ ಇನ್ನೂ ಚೆನ್ನಾಗಿ, ಇದು ಹೊಂದುತ್ತದೆ. ಮುರಕಲ್ಲಿನ ಹಳೆಯ ಕಟ್ಟಡದ ಗೋಡೆಯನ್ನು ಕೊರೆದು ಹೊಸ ಕೇಬಲ್ ಎಳೆಯುವುದಕ್ಕಿಂತ, ಇರುವ ತಂತಿಯಲ್ಲೇ ಉತ್ತಮ ಡ್ರೈವರಿನ ಎಲ್‌ಇಡಿಯನ್ನೂ ಬೇಕಾದ ಕಡೆ ಒಂದೊಂದು ಸಂವೇದಕವನ್ನೂ ಹಾಕುವುದು ಅಗ್ಗ. ರೇಡಿಯೋ ತರಂಗಗಳಿಂದ ನಡೆಯುವ ನಿಸ್ತಂತು ನಿಯಂತ್ರಣವೂ ಅಂಥ ದಪ್ಪ ಗೋಡೆಗಳ ನಡುವೆ ಸೊರಗುತ್ತದೆ. ಸಾಮಾನ್ಯ ಮನೆಗಳಿಗಂತೂ ಸದ್ಯಕ್ಕೆ ಇದರ ಅಗತ್ಯವೇ ಕಾಣುವುದಿಲ್ಲ. ಎಲ್ಲಿ ಹಾಕಿದರೂ ತುರ್ತು ನಿರ್ಗಮನದ ದಾರಿದೀಪಗಳನ್ನು ಜಾಲಕ್ಕೆ ಮಾತ್ರ ನಂಬಿ ಬಿಡದೆ ತಮ್ಮದೇ ಬ್ಯಾಟರಿಯುಳ್ಳವುಗಳನ್ನಾಗಿ ಇಡಬೇಕು, ಏಕೆಂದರೆ ಬೆಂಕಿ ಬಿದ್ದಾಗ ಜಾಲದ ಸ್ವಿಚ್ಚಿರುವ ಕೋಣೆಯೇ ಮೊದಲು ಉರಿಯಬಹುದು. ಗೋಡೆಯ ಮೇಲಿನ ಗುಂಡಿಯನ್ನೂ ತೆಗೆಯಬಾರದು. ಕೈ ಅಲ್ಲಾಡಿಸದೆ ಕುಳಿತು ಓದುವವರ ಮೇಲೆ ಕತ್ತಲು ಸುರಿಯುವ ಸಂವೇದಕಗಳಿಗೆ ಜನರು ಕೊನೆಗೆ ಕಾಗದ ಅಂಟಿಸಿ ಬಾಯಿ ಕಟ್ಟುವುದುಂಟು.

ದುರಸ್ತಿಯ ಪ್ರಶ್ನೆ ಹಣದ ಪ್ರಶ್ನೆಗಿಂತ ದೊಡ್ಡದಾಗಿ ಪರಿಣಮಿಸುವ ಸಾಧ್ಯತೆಯಿದೆ. ದೀಪ ಹತ್ತದಿದ್ದರೆ ಬರುವ ಎಲೆಕ್ಟ್ರಿಷಿಯನ್ನಿನ ಕೈಯಲ್ಲಿರುವುದು ಟೆಸ್ಟರ್, ದೋಷವಿರುವುದು ತಂತ್ರಾಂಶದಲ್ಲಿ. ಜಾಲವನ್ನು ಬಲ್ಲ ಕಂಪ್ಯೂಟರ್ ತಂತ್ರಜ್ಞನಿಗೆ ಏಣಿ ಹತ್ತಿ ಫಿಟ್ಟಿಂಗ್ ಬಿಚ್ಚುವ ಅಭ್ಯಾಸವಿಲ್ಲ. ಐಟಿಐಗಳ ಎಲೆಕ್ಟ್ರಿಷಿಯನ್ ತರಬೇತಿಯಲ್ಲಿ ಈ ಎರಡೂ ಕೂಡದಿರುವವರೆಗೆ ಕಟ್ಟಡದ ಮಾಲೀಕರು ದೂರದ ಗುತ್ತಿಗೆದಾರನನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡು ಜಗತ್ತಿನ ದೊಡ್ಡ ದೊಡ್ಡ ಜಾಲತಾಣಗಳನ್ನೇ ನಿಲ್ಲಿಸಿತ್ತು, ಜಾಲಕ್ಕೆ ಸೇರಿದ ದೀಪವೂ ಆ ಸಾಲಿನದೇ ಸಾಧನ. ಆದ್ದರಿಂದ ದೀಪಗಳ ಜಾಲವನ್ನು ಕಚೇರಿಯ ಲೆಕ್ಕಪತ್ರಗಳ ಜಾಲದಿಂದ ಪ್ರತ್ಯೇಕವಾಗಿ ಇಡುವುದರ ಜೊತೆಗೆ, ಕಾಮಗಾರಿ ಮುಗಿದ ದಿನವೇ ಪ್ರತಿ ದೀಪದ ವಿಳಾಸಪಟ್ಟಿ, ಕೇಬಲುಗಳ ನಕ್ಷೆ ಮತ್ತು ಪಾಸ್‌ವರ್ಡುಗಳು ಮಾಲೀಕರ ಕೈಗೆ ಬರಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು, ಕೊನೆಯ ಕಂತಿನ ಹಣವನ್ನು ಅಲ್ಲಿಯವರೆಗೆ ತಡೆಹಿಡಿಯಬೇಕು.